ಡಿಗ್ರಿ ಅಪ್ರೆಂಟಿಸ್‌ಶಿಪ್: ಕೆಲಸ ಮಾಡುತ್ತಾ ಇಂಜಿನಿಯರಿಂಗ್ ಓದುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಾಸನದವಳು. 2016ರ ಜನವರಿಯಲ್ಲಿ, ಎಂಟನೇ ತರಗತಿಯ ಮಧ್ಯದಲ್ಲಿ, ಅಪ್ಪನಿಗೆ ಇಂಗ್ಲೆಂಡಿನಲ್ಲಿ ಕೆಲಸ ಸಿಕ್ಕಿದ್ದರಿಂದ ಇಲ್ಲಿಗೆ ಬಂದೆ. 2020ರ ಸೆಪ್ಟೆಂಬರ್‌ನಲ್ಲಿ ಮಿಡ್‌ಲ್ಯಾಂಡ್ಸ್ ಕಡೆಯ ಒಂದು ಕಾರ್ಖಾನೆಗೆ ಡಿಗ್ರಿ ಅಪ್ರೆಂಟಿಸ್ ಆಗಿ ಸೇರಿದೆ. ವಾರಕ್ಕೆ ನಾಲ್ಕು ದಿನ ಕೆಲಸ, ಬುಧವಾರ ಯೂನಿವರ್ಸಿಟಿ. ಐದು ವರ್ಷ ಹೀಗೇ ನಡೆದು 2025ರಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವಿ ಕೈಗೆ ಬಂತು.

ಯುಗಾದಿಗೋ ರಾಜ್ಯೋತ್ಸವಕ್ಕೋ ಇಲ್ಲಿನ ಕನ್ನಡದವರು ಸೇರಿದಾಗ, ಹದಿನಾರು ಹದಿನೇಳು ವರ್ಷದ ಮಕ್ಕಳಿರುವ ಅಪ್ಪ-ಅಮ್ಮಂದಿರು ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಳ್ಳುತ್ತಾರೆ. ಊರಿಂದಲೂ ಫೋನ್ ಬರುತ್ತದೆ. ಎಲ್ಲರೂ ಕೇಳುವುದು ಹೆಚ್ಚು ಕಡಿಮೆ ಇದೇ ಪ್ರಶ್ನೆಗಳನ್ನು. ಇಲ್ಲಿ ಹೇಳಿರುವ ನಿಯಮಗಳು ಇಂಗ್ಲೆಂಡಿನವು. ಸ್ಕಾಟ್ಲೆಂಡಿನಲ್ಲಿ ಇದಕ್ಕೆ ಗ್ರಾಜುಯೇಟ್ ಅಪ್ರೆಂಟಿಸ್‌ಶಿಪ್ ಅನ್ನುತ್ತಾರೆ. ಅಲ್ಲಿನ ವ್ಯವಸ್ಥೆ ಬೇರೆ, ವೇಲ್ಸ್‌ನದೂ ಬೇರೆ.

ಅಪ್ರೆಂಟಿಸ್ ಅಂದರೆ ಐಟಿಐ ಮುಗಿಸಿದವರು ಮಾಡುವುದಲ್ವಾ? ಇದು ನಿಜವಾದ ಡಿಗ್ರಿನಾ?

ನಿಜವಾದ ಡಿಗ್ರಿಯೇ. ಪದವಿ ಪತ್ರ ಕೊಡುವುದು ಯೂನಿವರ್ಸಿಟಿ. ಅದರ ಜೊತೆಗೆ ಅಪ್ರೆಂಟಿಸ್‌ಶಿಪ್ ಮುಗಿಸಿದ್ದಕ್ಕೆ ಇನ್ನೊಂದು ಪ್ರಮಾಣಪತ್ರ ಸಿಗುತ್ತದೆ. ಇಂಗ್ಲೆಂಡಿನಲ್ಲಿ ಡಿಗ್ರಿ ಅಪ್ರೆಂಟಿಸ್‌ಶಿಪ್ ಶುರುವಾಗಿದ್ದು 2015ರಲ್ಲಿ. ಲೆವೆಲ್ 6 ಅಂದರೆ ನಮ್ಮ ಬಿ.ಇ. ಹಾಗೆ ಬ್ಯಾಚುಲರ್ ಮಟ್ಟ. ಲೆವೆಲ್ 7 ಅಂದರೆ ಮಾಸ್ಟರ್ಸ್ ಮಟ್ಟ. ಲೆವೆಲ್ 3, 4ರ ಅಪ್ರೆಂಟಿಸ್‌ಶಿಪ್‌ಗಳೂ ಇವೆ. ಅವುಗಳಲ್ಲಿ ಡಿಗ್ರಿ ಸಿಗುವುದಿಲ್ಲ. ಹಾಗಾಗಿ ಜಾಹೀರಾತಿನಲ್ಲಿ ಮೊದಲು ನೋಡಬೇಕಾದ್ದು ಲೆವೆಲ್ ಎಷ್ಟು ಅನ್ನುವುದನ್ನು.

ಈ ಪ್ರಶ್ನೆಯ ಹಿಂದಿರುವ ಸಂಕಟ ನನಗೆ ಗೊತ್ತು. ನಮ್ಮ ಕಡೆ ಅಪ್ರೆಂಟಿಸ್ ಅಂದರೆ ಐಟಿಐ ಆದಮೇಲೆ ಎಚ್‌ಎಎಲ್‌ನಲ್ಲೋ ಬಿಇಎಲ್‌ನಲ್ಲೋ ಒಂದು ವರ್ಷ ದುಡಿಯುವುದು. ಕಾಯಂ ಆದರೆ ಪುಣ್ಯ. ನಾನು ಈ ದಾರಿ ಹಿಡಿದಾಗ ಅಜ್ಜಿ ಫೋನಿನಲ್ಲೇ ಅತ್ತುಬಿಟ್ಟರು. "ಅಷ್ಟು ದೂರ ಹೋಗಿ ಅಪ್ರೆಂಟಿಸಾ?" ಅಂದರು. ತಾತ ಮಾತ್ರ ಖುಷಿಪಟ್ಟರು. ಅವರು ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಟರ್ನರ್ ಆಗಿದ್ದವರು. "ಡ್ರಾಯಿಂಗ್ ಮಾಡುವವರಿಗೆ ಲೇತ್ ಮುಂದೆ ನಿಂತು ಗೊತ್ತಿರಬೇಕು, ನೀನು ಸರಿಯಾದ ಕಡೆಯಿಂದ ಶುರು ಮಾಡಿದ್ದೀಯ" ಅಂದರು. ಆ ಮಾತು ನನಗೆ ಐದು ವರ್ಷ ಜೊತೆಗಿತ್ತು.

ಫೀಸ್ ಯಾರು ಕಟ್ಟುತ್ತಾರೆ?

ನೀವು ಒಂದು ಪೆನ್ನಿಯನ್ನೂ ಕಟ್ಟಬೇಕಿಲ್ಲ. ಕಂಪನಿ ಮತ್ತು ಸರ್ಕಾರ ಕಟ್ಟುತ್ತವೆ. ವರ್ಷಕ್ಕೆ 30 ಲಕ್ಷ ಪೌಂಡ್‌ಗಿಂತ ಜಾಸ್ತಿ ಸಂಬಳ ಹಂಚುವ ಕಂಪನಿಗಳು 2017ರ ಏಪ್ರಿಲ್‌ನಿಂದ ಆ ಮೇಲಿನ ಮೊತ್ತದ ಶೇ. 0.5ರಷ್ಟನ್ನು ಅಪ್ರೆಂಟಿಸ್‌ಶಿಪ್ ಲೆವಿ ಅಂತ ಕಟ್ಟಬೇಕು. ಆ ದುಡ್ಡಿನಿಂದಲೇ ನಿಮ್ಮ ಫೀಸ್ ಹೋಗುತ್ತದೆ. ಲೆವಿ ಕಟ್ಟದ ಸಣ್ಣ ಕಂಪನಿಗಳಿಗೆ ಖರ್ಚಿನ ಬಹುಪಾಲನ್ನು ಸರ್ಕಾರವೇ ಕೊಡುತ್ತದೆ. ಮಾಮೂಲಿ ದಾರಿಯಲ್ಲಿ ಓದಿದರೆ 2025-26ರಲ್ಲಿ ಇಲ್ಲಿಯ ವಿದ್ಯಾರ್ಥಿಗಳಿಗೆ ವರ್ಷಕ್ಕೆ 9,535 ಪೌಂಡ್ ತನಕ ಫೀಸ್ ಇತ್ತು. ನನ್ನ ಜೊತೆ ಶಾಲೆಯಲ್ಲಿದ್ದವರು ಫೀಸಿನ ಸಾಲ ಹೊತ್ತುಕೊಂಡೇ ಹೊರಬಂದರು.

ಅಂದಹಾಗೆ, ಅಪ್ರೆಂಟಿಸ್‌ಗಳಿಗೆ ಸ್ಟೂಡೆಂಟ್ ಲೋನ್ ಸಿಗುವುದಿಲ್ಲ. ಬಾಡಿಗೆ, ಊಟ, ಬಸ್ಸು ಎಲ್ಲವೂ ಸಂಬಳದಲ್ಲೇ ಆಗಬೇಕು.

ನಾವು ಸ್ಕಿಲ್ಡ್ ವರ್ಕರ್ ವೀಸಾದಲ್ಲಿದ್ದೇವೆ. ನಮ್ಮ ಮಗ ಸೇರಬಹುದಾ?

ಈ ಪ್ರಶ್ನೆಗೆ ಸ್ವಲ್ಪ ನಿಧಾನವಾಗಿ ಉತ್ತರ ಹೇಳುತ್ತೇನೆ. ಇದು ಗೊತ್ತಿಲ್ಲದೆ ಎಷ್ಟೋ ಕನ್ನಡದ ಮನೆಗಳು ಸುಮ್ನೆ ಗಾಬರಿಯಾಗುತ್ತವೆ.

ಯೂನಿವರ್ಸಿಟಿಗೆ ನೇರವಾಗಿ ಸೇರುವಾಗ ಇಲ್ಲಿಯವರ ಫೀಸ್ ಸಿಗಬೇಕಾದರೆ ಸಾಮಾನ್ಯವಾಗಿ ಐಎಲ್‌ಆರ್, ಅಂದರೆ ಇಲ್ಲೇ ಕಾಯಂ ಇರುವ ಅನುಮತಿ ಬೇಕು. ಅದೂ ಕೋರ್ಸ್ ಶುರುವಾಗುವ ಹೊತ್ತಿಗೇ ಕೈಯಲ್ಲಿರಬೇಕು. ಇಲ್ಲದಿದ್ದರೆ ಹೊರದೇಶದವರ ಫೀಸ್. ಇಂಜಿನಿಯರಿಂಗ್‌ಗೆ ಅದು ಹಲವು ಕಡೆ ವರ್ಷಕ್ಕೆ 25,000 ಪೌಂಡ್ ದಾಟುತ್ತದೆ. ನನಗೆ ಆಗಿದ್ದು ಇದೇ. ಐಎಲ್‌ಆರ್‌ಗೆ ಬೇಕಾಗಿದ್ದ ಐದು ವರ್ಷ ನಮಗೆ ತುಂಬುವುದು 2021ರ ಜನವರಿಗೆ. ಕೋರ್ಸ್ ಶುರುವಾಗುವುದು 2020ರ ಸೆಪ್ಟೆಂಬರ್‌ಗೆ. ನಾಲ್ಕು ತಿಂಗಳಲ್ಲಿ ತಪ್ಪಿಹೋಯಿತು. ಅಮ್ಮ ಅಡುಗೆಮನೆಯ ಮೇಜಿನ ಮೇಲೆ ಕ್ಯಾಲೆಂಡರ್ ಇಟ್ಟುಕೊಂಡು ಎಷ್ಟು ಸಲ ಎಣಿಸಿದರೋ.

ಅಪ್ರೆಂಟಿಸ್‌ಶಿಪ್‌ನ ನಿಯಮ ಬೇರೆ. ಓದಿಗೆಂದು ಕೊಟ್ಟ ವೀಸಾ ಆಗಿರಬಾರದು. ಕೆಲಸ ಮಾಡುವ ಹಕ್ಕಿರಬೇಕು. ಶುರುವಾಗುವ ಮೊದಲಿನ ಮೂರು ವರ್ಷ ಬ್ರಿಟನ್‌ನಲ್ಲೇ ವಾಸವಾಗಿರಬೇಕು. ಅಪ್ಪನ ಅಥವಾ ಅಮ್ಮನ ಕೆಲಸದ ವೀಸಾದ ಮೇಲೆ ಬಂದ ಮಕ್ಕಳು ಈ ಲೆಕ್ಕದಲ್ಲಿ ಒಳಗೆ ಬರುತ್ತಾರೆ. ಕೋರ್ಸ್ ಮುಗಿಯುವ ತನಕ ಇಲ್ಲಿರಲು ಆಗುತ್ತದೆಯೇ ಅಂತಲೂ ನೋಡುತ್ತಾರೆ. ಹಾಗಾಗಿ ವೀಸಾ ಕಾಗದಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳಿ. ವೀಸಾ ನಿಯಮಗಳು ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ವರ್ಷದ ನಿಯಮವನ್ನೇ ಓದಿ.

ಒಂದು ಅಡ್ಡಿ ಇದೆ. ರಕ್ಷಣೆ, ಅಣುಶಕ್ತಿ ಕ್ಷೇತ್ರದ ಕಂಪನಿಗಳು ಭದ್ರತಾ ತಪಾಸಣೆ ಮಾಡುತ್ತವೆ. ಕೆಲವು ಹುದ್ದೆಗಳಿಗೆ ಬ್ರಿಟಿಷ್ ಪೌರತ್ವವನ್ನೇ ಕೇಳುತ್ತಾರೆ. ಅಂಥವನ್ನು ನಾನು ಮೊದಲೇ ಪಟ್ಟಿಯಿಂದ ತೆಗೆದಿದ್ದೆ.

ಕರ್ನಾಟಕದಿಂದ ನೇರವಾಗಿ ಬಂದು ಸೇರಬಹುದಾ?

ಆಗುವುದಿಲ್ಲ. ಸ್ಟೂಡೆಂಟ್ ವೀಸಾದಲ್ಲಿ ಇದನ್ನು ಮಾಡುವ ಹಾಗಿಲ್ಲ. ಸೀಟು ಕೊಡಿಸುತ್ತೇವೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಊರಲ್ಲಿದ್ದುಕೊಂಡೇ ದುಡಿಯುತ್ತಾ ಓದುವ ದಾರಿಗಳಿವೆ. ನಮ್ಮ ಸೋದರಮಾವ ಡಿಪ್ಲೊಮಾ ಮುಗಿಸಿ ಪೀಣ್ಯದಲ್ಲಿ ಹಗಲು ಕೆಲಸ ಮಾಡಿ, ಸಂಜೆ ಕಾಲೇಜಿನಲ್ಲಿ ಬಿ.ಇ. ಮುಗಿಸಿದವರು. ಎಷ್ಟೋ ರಾತ್ರಿ ಹತ್ತೂವರೆಗೆ ಮನೆ ಸೇರಿ ತಣ್ಣಗಾದ ಮುದ್ದೆ ತಿಂದಿದ್ದಾರೆ. ಈಗ ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ, ಕೆಲಸದಲ್ಲಿರುವ ಡಿಪ್ಲೊಮಾದವರಿಗೆಂದೇ ಬಿ.ಇ. ಬ್ಯಾಚ್ ನಡೆಸಲು ಕಾಲೇಜುಗಳಿಗೆ ಅನುಮತಿ ಕೊಡುತ್ತಿದೆ. ಬಿಟ್ಸ್ ಪಿಲಾನಿಯವರೂ ಕೆಲಸದಲ್ಲಿರುವವರಿಗೆ ಬಿ.ಟೆಕ್. ನಡೆಸುತ್ತಾರೆ. ಮಾವನ ಓದಿಗೂ ನನ್ನ ಓದಿಗೂ ಒಂದೇ ದೊಡ್ಡ ವ್ಯತ್ಯಾಸ. ಮಾವ ಓದಿದ್ದು ಕೆಲಸ ಮುಗಿದ ಮೇಲೆ. ನಾನು ಓದಿದ್ದು ಕೆಲಸದ ಸಮಯದೊಳಗೆ, ಸಂಬಳ ತೆಗೆದುಕೊಂಡು. ಮುಂದೆ ನಾನು ಹೇಳುವುದೆಲ್ಲ ಈ ವ್ಯತ್ಯಾಸದ ಸುತ್ತಲೇ ಇದೆ.

ಅರ್ಜಿ ಹಾಕುವುದು ಹೇಗೆ? ಯುಕಾಸ್ ಮೂಲಕವೇ?

ಅರ್ಜಿ ಹೋಗುವುದು ಕಂಪನಿಗೆ. ಯುಕಾಸ್ ಅಂದರೆ ಯೂನಿವರ್ಸಿಟಿ ಸೀಟಿಗೆ ಅರ್ಜಿ ಹಾಕುವ ವ್ಯವಸ್ಥೆ. ಅದರ ಐದು ಆಯ್ಕೆಗಳಿಗೂ ಇದಕ್ಕೂ ಸಂಬಂಧವಿಲ್ಲ. ಎರಡನ್ನೂ ಒಟ್ಟಿಗೆ ಹಾಕಬಹುದು, ಹಾಕಲೇಬೇಕು ಅಂತ ನನ್ನ ಅಭಿಪ್ರಾಯ. ಖಾಲಿ ಹುದ್ದೆಗಳು ಸರ್ಕಾರದ ಅಪ್ರೆಂಟಿಸ್‌ಶಿಪ್ ಜಾಲತಾಣದಲ್ಲೂ ಕಂಪನಿಗಳ ಪುಟಗಳಲ್ಲೂ ಬರುತ್ತವೆ. ದೊಡ್ಡ ಕಂಪನಿಗಳು ಮುಂದಿನ ವರ್ಷದ ಹುದ್ದೆಗಳನ್ನು ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ತೆರೆಯುತ್ತವೆ. ಅರ್ಜಿ ಜಾಸ್ತಿ ಬಂದರೆ ಕೊನೆಯ ದಿನಕ್ಕೆ ಮೊದಲೇ ಮುಚ್ಚಿಬಿಡುವುದೂ ಉಂಟು.

ಎ ಲೆವೆಲ್‌ನಲ್ಲಿ, ಅಂದರೆ ನಮ್ಮ ಪಿಯುಸಿ ಮಟ್ಟದಲ್ಲಿ, ಗಣಿತ ಬೇಕೇ ಬೇಕು ಅಂದುಕೊಳ್ಳಿ. ಫಿಸಿಕ್ಸ್ ಇದ್ದರೆ ಒಳ್ಳೆಯದು. ಇಂಜಿನಿಯರಿಂಗ್ ಬಿಟೆಕ್ ಓದಿದವರನ್ನೂ ತೆಗೆದುಕೊಳ್ಳುತ್ತಾರೆ. ಬಿಟೆಕ್ ಅಂದರೆ ಇಲ್ಲಿ ಪಿಯುಸಿ ಮಟ್ಟದ ವೃತ್ತಿ ಕೋರ್ಸ್. ನಮ್ಮ ಬಿ.ಟೆಕ್. ಅಂದುಕೊಂಡು ಗೊಂದಲ ಆಗಬೇಡಿ.

ನಾನು 11 ಕಡೆ ಹಾಕಿದೆ. ಏಳು ಕಡೆಯಿಂದ ಉತ್ತರವೇ ಬರಲಿಲ್ಲ. ಸಂದರ್ಶನದಲ್ಲಿ ನನಗೆ ನೆರವಾಗಿದ್ದು ಒಂದೇ. ಮನೆಯ ಹಳೇ ಮಿಕ್ಸಿ ಬಿಚ್ಚಿ, ಜಾರಿನ ಕೆಳಗಿನ ರಬ್ಬರ್ ಜೋಡಣೆ ಯಾಕೆ ಸವೆಯುತ್ತದೆ ಅಂತ ನೋಡಿ, ಅಳತೆ ಬರೆದಿಟ್ಟಿದ್ದೆ. ಅದರ ಬಗ್ಗೆಯೇ ಅರ್ಧ ಗಂಟೆ ಕೇಳಿದರು. ನಿಮ್ಮ ಮಗಳು ಏನಾದರೂ ಬಿಚ್ಚಿ ಜೋಡಿಸುತ್ತಿದ್ದರೆ ಬೈಯಬೇಡಿ, ಬರೆದಿಡು ಅನ್ನಿ.

ಒಂದು ವಾರ ಹೇಗಿರುತ್ತದೆ?

ಕೆಲವು ಯೂನಿವರ್ಸಿಟಿಗಳು ವಾರಕ್ಕೊಂದು ದಿನ ಪಾಠ ಮಾಡುತ್ತವೆ. ಕೆಲವು ಕಡೆ ಕೆಲಸದ ನಡುವೆ ಒಂದೊಂದು ವಾರ ಪೂರ್ತಿ ಯೂನಿವರ್ಸಿಟಿಯಲ್ಲಿ ಕೂರಿಸುತ್ತಾರೆ. ನನ್ನದು ವಾರಕ್ಕೊಂದು ದಿನದ್ದು.

ಕೆಲಸದ ದಿನಗಳಲ್ಲಿ ಬೆಳಿಗ್ಗೆ ಏಳೂವರೆಗೆ ಕಾರ್ಖಾನೆ, ಸಂಜೆ ನಾಲ್ಕಕ್ಕೆ ಹೊರಗೆ. ಶುಕ್ರವಾರ ಸ್ವಲ್ಪ ಬೇಗ. ಬುಧವಾರ ಒಂಬತ್ತರಿಂದ ಐದರ ತನಕ ಪಾಠ, ಲ್ಯಾಬ್. ಇದೆಲ್ಲ ಸೇರಿ ವಾರಕ್ಕೆ 37 ಗಂಟೆ, ಅಷ್ಟಕ್ಕೂ ಸಂಬಳ. ಇದರ ಮೇಲೆ ನನ್ನದೇ ಸಮಯದಲ್ಲಿ ಸೋಮವಾರ ಮತ್ತು ಗುರುವಾರ ಸಂಜೆ ಎರಡೆರಡು ಗಂಟೆ, ಭಾನುವಾರ ಬೆಳಿಗ್ಗೆ ಮೂರು ಗಂಟೆ ಓದುತ್ತಿದ್ದೆ. ಪರೀಕ್ಷೆಯ ತಿಂಗಳಲ್ಲಿ ಇದು ಎರಡರಷ್ಟಾಗುತ್ತಿತ್ತು.

ಬರೆದಾಗ ಸಲೀಸಾಗಿ ಕಾಣುತ್ತದೆ. ನಿಜವಾಗಿ ಕಷ್ಟ ಆಗಿದ್ದು ಗಂಟೆಗಳ ಲೆಕ್ಕದಿಂದಲ್ಲ. ತಲೆ ಬದಲಾಯಿಸಿಕೊಳ್ಳುವುದರಿಂದ. ಇಡೀ ದಿನ ಒಂದು ಮೆಷಿನ್ ಯಾಕೆ ನಿಂತಿತು ಅಂತ ಹುಡುಕಿ, ಕಿವಿಯಲ್ಲಿ ಆ ಸದ್ದು ಇನ್ನೂ ಇರುವಾಗ ಬಂದು ಲ್ಯಾಪ್ಲೇಸ್ ಟ್ರಾನ್ಸ್‌ಫಾರ್ಮ್ ಮುಂದೆ ಕೂರುವುದು ಸುಲಭ ಅಲ್ಲ. ಮೊದಲ ಅರ್ಧ ಗಂಟೆ ಒಂದು ಅಕ್ಷರವೂ ಒಳಗೆ ಇಳಿಯುತ್ತಿರಲಿಲ್ಲ. ಕೊನೆಗೆ ನಾನು ಕಂಡುಕೊಂಡ ದಾರಿ ಇದು. ಮನೆಗೆ ಬಂದು ಸ್ನಾನ, ಕಾಫಿ, ಇಪ್ಪತ್ತು ನಿಮಿಷ ನಡಿಗೆ. ಆಮೇಲೆ ಹೊಸ ಪಾಠ ಮುಟ್ಟದೆ, ಆಗಲೇ ಗೊತ್ತಿರುವ ಒಂದು ಲೆಕ್ಕವನ್ನು ಮತ್ತೆ ಮಾಡುವುದು. ಅದು ಕೈಗೆ ಬಂತೆಂದರೆ ತಲೆಯೂ ಹಿಂದೆಯೇ ಬರುತ್ತದೆ. ಹೊಸದನ್ನು, ಕಷ್ಟದ್ದನ್ನು ಭಾನುವಾರ ಬೆಳಿಗ್ಗೆಗೆ ಇಟ್ಟುಕೊಳ್ಳುತ್ತಿದ್ದೆ.

ಕೆಲಸ ಜಾಸ್ತಿ ಇದ್ದಾಗ ಓದಿನ ದಿನವನ್ನು ಬಿಟ್ಟುಕೊಡಬೇಕಾ?

ಬಿಟ್ಟುಕೊಡಬಾರದು. ಇಡೀ ಪುಟದಲ್ಲಿ ಒಂದೇ ಉತ್ತರ ಓದುತ್ತೀರಾದರೆ ಇದನ್ನು ಓದಿ.

ತರಬೇತಿಗೆ ಮೀಸಲಾದ ಸಮಯವನ್ನು ಕಂಪನಿ ಕೊಡಲೇಬೇಕು. ಅದಕ್ಕೆ ಆಫ್ ದಿ ಜಾಬ್ ತರಬೇತಿ ಅನ್ನುತ್ತಾರೆ. ನಾನು ಸೇರಿದಾಗ ಕೆಲಸದ ಸಮಯದ ಶೇ. 20 ಅಂತ ಇತ್ತು. 2022ರ ಆಗಸ್ಟ್‌ನಿಂದ ಸೇರಿದವರಿಗೆ ವಾರಕ್ಕೆ ಸರಾಸರಿ 6 ಗಂಟೆ ಆಯಿತು. 2025ರ ಆಗಸ್ಟ್‌ನಿಂದ ಒಂದೊಂದು ಅಪ್ರೆಂಟಿಸ್‌ಶಿಪ್‌ಗೂ ಒಟ್ಟು ಇಷ್ಟು ಗಂಟೆ ಅಂತ ಗೊತ್ತುಮಾಡಿದ್ದಾರೆ. ಲೆಕ್ಕ ಹೇಗೇ ಬದಲಾದರೂ ಒಂದು ಬದಲಾಗಿಲ್ಲ. ಈ ಗಂಟೆಗಳು ಸಂಬಳದ ಸಮಯದೊಳಗೇ ಬರಬೇಕು. ಮನೆಯಲ್ಲಿ ರಾತ್ರಿ ಓದಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ.

ಎರಡನೇ ವರ್ಷ ನಮ್ಮ ವಿಭಾಗದಲ್ಲಿ ಒಂದು ಆರ್ಡರ್ ತಡವಾಯಿತು. ಮ್ಯಾನೇಜರ್ ಬಂದು "ಈ ಬುಧವಾರ ಒಂದು ದಿನ ಇರು, ಪಾಠ ಆಮೇಲೆ ನೋಡಿಕೋ" ಅಂದರು. ದೊಡ್ಡವರು ಕೇಳಿದರೆ ಇಲ್ಲ ಅನ್ನಬಾರದು ಅಂತ ಬೆಳೆದವಳು ನಾನು. ಇದ್ದೆ. ಮುಂದಿನ ವಾರವೂ ಕೇಳಿದರು. ಮೂರನೇ ವಾರ ಕೇಳಲೇ ಇಲ್ಲ, ಪಟ್ಟಿಯಲ್ಲಿ ನನ್ನ ಹೆಸರು ಬರೆದೇ ಬಿಟ್ಟಿದ್ದರು. ಆ ಮೂರು ಬುಧವಾರಗಳಲ್ಲಿ ಥರ್ಮೋಡೈನಮಿಕ್ಸ್‌ನ ಅರ್ಧ ಪಾಠ ಮುಗಿದುಹೋಗಿತ್ತು. ಸಹಪಾಠಿಗಳ ನೋಟ್ಸ್ ಇಟ್ಟುಕೊಂಡು ಎಂಟ್ರೊಪಿ ಅರ್ಥ ಮಾಡಿಕೊಳ್ಳಲು ಹೋಗಿ ಒಂದು ರಾತ್ರಿ ಅತ್ತಿದ್ದೇನೆ.

ಕನಿಷ್ಠ 12 ವಾರಕ್ಕೊಮ್ಮೆ ಅಪ್ರೆಂಟಿಸ್, ಮ್ಯಾನೇಜರ್ ಮತ್ತು ಯೂನಿವರ್ಸಿಟಿಯ ಟ್ಯೂಟರ್ ಮೂವರೂ ಕೂತು ಪ್ರಗತಿ ನೋಡಬೇಕು ಅನ್ನುವ ನಿಯಮ ಇದೆ. ಆ ಸಭೆಯಲ್ಲಿ ಟ್ಯೂಟರ್ ಹಾಜರಿ ನೋಡಿ ಕೇಳಿದರು. ನಾನು ಹೇಳಿದೆ. ಅವರು ಸೇರುವಾಗ ಎಲ್ಲರೂ ಸಹಿ ಹಾಕಿದ್ದ ತರಬೇತಿ ಯೋಜನೆಯನ್ನು ತೆರೆದು ಮೇಜಿನ ಮೇಲಿಟ್ಟರು. ದನಿ ಏರಿಸಲಿಲ್ಲ. ಮ್ಯಾನೇಜರ್‌ಗೂ ಆ ನಿಯಮ ಪೂರ್ತಿ ಗೊತ್ತಿರಲಿಲ್ಲ ಅನ್ನಿಸುತ್ತದೆ. ಮುಂದಿನ ವಾರದಿಂದ ಬುಧವಾರ ನನ್ನನ್ನು ಯಾರೂ ಕರೆಯಲಿಲ್ಲ.

ನಾನು ಮೊದಲ ವಾರವೇ ಟ್ಯೂಟರ್‌ಗೆ ಒಂದು ಸಾಲು ಬರೆಯಬೇಕಿತ್ತು. ಬುಧವಾರ ಕಾಲೇಜಿಗೆ ಹೋಗುವುದೂ ನನ್ನ ಕೆಲಸದ ಭಾಗವೇ ಅನ್ನುವುದು ಅಲ್ಲಿಯ ತನಕ ನನ್ನ ಮನಸ್ಸಿಗೆ ಹೊಕ್ಕಿರಲಿಲ್ಲ. ಕಂಪನಿ ನನಗೆ ರಜೆ ಕೊಟ್ಟು ಉಪಕಾರ ಮಾಡುತ್ತಿದೆ ಅಂದುಕೊಂಡಿದ್ದೆ.

ಫೇಲ್ ಆದರೆ?

ನಾನು ಮೊದಲ ವರ್ಷದ ಗಣಿತದಲ್ಲಿ ಫೇಲ್ ಆದೆ. ನಮ್ಮದು ಕೋವಿಡ್ ಬ್ಯಾಚ್. 2020ರ ಎ ಲೆವೆಲ್ ಪರೀಕ್ಷೆಯೇ ರದ್ದಾಗಿತ್ತು. ಯೂನಿವರ್ಸಿಟಿ ಪಾಠ ಲ್ಯಾಪ್‌ಟಾಪ್ ಪರದೆಯಲ್ಲಿ. ಆದರೆ ಅದನ್ನೇ ನೆಪ ಮಾಡಲಾರೆ. ಮೊದಲ ಸಂಬಳ ಕೈಗೆ ಬಂದ ಖುಷಿಯಲ್ಲಿ ಶನಿವಾರಗಳೆಲ್ಲ ಓಟಿ ಮಾಡುತ್ತಿದ್ದೆ. ತಂಗಿಗೆ ಸೈಕಲ್ ಕೊಡಿಸಿದೆ, ಅಮ್ಮನಿಗೆ ಸೀರೆ. ಭಾನುವಾರ ಎದ್ದೇಳಲು ಆಗುತ್ತಿರಲಿಲ್ಲ.

ಬೇಸಿಗೆಯಲ್ಲಿ ಮರುಪರೀಕ್ಷೆ ಬರೆದು ಪಾಸಾದೆ. ಕೆಲಸ ಹೋಗಲಿಲ್ಲ. ಒಂದು ವಿಷಯ ಫೇಲ್ ಆದ ಮಾತ್ರಕ್ಕೆ ಯಾರೂ ಮನೆಗೆ ಕಳಿಸುವುದಿಲ್ಲ. ಆದರೆ ಮರುಪರೀಕ್ಷೆಯಲ್ಲಿ ಮತ್ತೆ ಕೈಕೊಟ್ಟರೆ ವಿಷಯ ಗಂಭೀರ ಆಗುತ್ತದೆ. ಪದವಿಯೂ ಕೆಲಸವೂ ಒಂದೇ ಒಪ್ಪಂದದಲ್ಲಿ ಇರುವುದರಿಂದ ಒಂದು ಅಲುಗಿದರೆ ಇನ್ನೊಂದೂ ಅಲುಗುತ್ತದೆ. ಮೊದಲ ವರ್ಷ ಓಟಿ ಬೇಡ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಆರೋಗ್ಯ ಕೆಟ್ಟರೆ, ಮನೆಯಲ್ಲಿ ಕಷ್ಟ ಬಂದರೆ ಓದನ್ನು ಕೆಲಕಾಲ ನಿಲ್ಲಿಸಿ ಮತ್ತೆ ಮುಂದುವರಿಸುವ ಅವಕಾಶವೂ ಇದೆ. ಬಾಯಿ ಬಿಟ್ಟು ಕೇಳಬೇಕು.

ಕೆಲಸದಲ್ಲಿ ಕಲಿತದ್ದು ಓದಿಗೆ ನಿಜವಾಗಿ ಉಪಯೋಗಕ್ಕೆ ಬರುತ್ತದಾ?

ಒಂದು ಘಟನೆ ಹೇಳುತ್ತೇನೆ. ಮೂರನೇ ವರ್ಷ ನಾನು ಯಂತ್ರದ ಹೊರಕವಚವಾಗುವ ಅಲ್ಯೂಮಿನಿಯಂ ಹೌಸಿಂಗ್‌ಗಳು ತಯಾರಾಗುವ ಕಡೆ ಇದ್ದೆ. ಅದರಲ್ಲಿ 100 ಮಿಲಿಮೀಟರ್ ವ್ಯಾಸದ ಒಂದು ಬೋರ್, ಅಂದರೆ ದುಂಡನೆಯ ತೂತು. ಮೆಷಿನ್ ಪಕ್ಕದಲ್ಲಿ ಅಳೆದರೆ ಒಂದು ಅಳತೆ. ಅದೇ ಭಾಗವನ್ನು ಅಳತೆ ಕೋಣೆಗೆ ಒಯ್ದು ಮಾರನೇ ದಿನ ನೋಡಿದರೆ ಇಪ್ಪತ್ತು ಮೈಕ್ರಾನ್ ಆಸುಪಾಸು ಕಡಿಮೆ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಆಪರೇಟರ್ ತಪ್ಪು ಅಂತ ಅಳತೆ ಕೋಣೆಯವರು, ಅಳತೆ ಕೋಣೆ ತಪ್ಪು ಅಂತ ಆಪರೇಟರ್‌ಗಳು. ವಾರಗಟ್ಟಲೆ ನಡೆದಿತ್ತು.

ಆ ಬುಧವಾರವೇ ತರಗತಿಯಲ್ಲಿ ಶಾಖಕ್ಕೆ ಲೋಹ ಹಿಗ್ಗುವ ಲೆಕ್ಕ ಮಾಡಿದ್ದೆವು. ಅಲ್ಯೂಮಿನಿಯಂ ಒಂದು ಡಿಗ್ರಿಗೆ ಮೀಟರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. ಅಳತೆಗಳಿಗೆ ಅಂತರರಾಷ್ಟ್ರೀಯ ಒಪ್ಪಂದದ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ಗುರುವಾರ ಬೆಳಿಗ್ಗೆ ಮೆಷಿನ್‌ನಿಂದ ಆಗಷ್ಟೇ ಹೊರಬಂದ ಭಾಗಕ್ಕೆ ಥರ್ಮಾಮೀಟರ್ ಹಿಡಿದೆ. 30 ಡಿಗ್ರಿ. ಅಳೆಯುವ ಗೇಜ್ ಇದ್ದದ್ದು ಕೋಣೆಯ ತಂಪಿನಲ್ಲಿ. ಹತ್ತು ಡಿಗ್ರಿ ವ್ಯತ್ಯಾಸ, 100 ಮಿಲಿಮೀಟರ್ ವ್ಯಾಸ: 0.023 ಮಿಲಿಮೀಟರ್. ಎರಡೂ ಕಡೆಯವರು ಸರಿಯಾಗಿಯೇ ಅಳೆದಿದ್ದರು. ಭಾಗ ಮಾತ್ರ ಬಿಸಿಯಾಗಿತ್ತು.

ಆ ಕಾಗದವನ್ನು ಆಪರೇಟರ್ ಒಬ್ಬರ ಮುಂದಿಟ್ಟಾಗ, ಮೂವತ್ತು ವರ್ಷ ಅಲ್ಲಿ ದುಡಿದ ಅವರು "ಬಿಸಿಯಲ್ಲಿ ಅಳೆಯಬಾರದು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು, ಯಾಕೆ ಅಂತ ಯಾರೂ ಹೇಳಿರಲಿಲ್ಲ" ಅಂದರು. ಅವರ ಅನುಭವ, ನನ್ನ ಪುಸ್ತಕ ಎರಡೂ ಒಂದೇ ಕಡೆ ಬಂದು ನಿಂತ ಆ ಗಳಿಗೆಗೆ ನಾನು ಏನು ಬೇಕಾದರೂ ಕೊಡುತ್ತೇನೆ. ಪರೀಕ್ಷೆಗೆ ಆ ಪಾಠವನ್ನು ನಾನು ಓದಬೇಕಾಗಿಯೇ ಬರಲಿಲ್ಲ.

ಎಲ್ಲ ವಿಷಯವೂ ಹೀಗೆ ಕೂಡಿಬರುವುದಿಲ್ಲ. ಫ್ಲೂಯಿಡ್ ಮೆಕ್ಯಾನಿಕ್ಸ್‌ಗೂ ನನ್ನ ಕೆಲಸಕ್ಕೂ ಸಂಬಂಧವೇ ಇರಲಿಲ್ಲ. ಅದನ್ನು ಬೇರೆ ವಿದ್ಯಾರ್ಥಿಗಳ ಹಾಗೇ ಕೂತು ಓದಿದೆ.

ದಾಖಲೆ ಬರೆಯುವ ಕೆಲಸ ಬಹಳ ಅನ್ನುತ್ತಾರಲ್ಲ?

ಹೌದು. ತರಬೇತಿಯ ಗಂಟೆಗಳನ್ನು ದಾಖಲಿಸಬೇಕು. ಕಲಿಯಬೇಕಾದ ಜ್ಞಾನ, ಕೌಶಲ, ನಡವಳಿಕೆ ಅಂತ ಪಟ್ಟಿ ಇರುತ್ತದೆ. ಒಂದೊಂದಕ್ಕೂ ಕೆಲಸದಿಂದ ಪುರಾವೆ ತೋರಿಸಬೇಕು. ಕೊನೆಯಲ್ಲಿ ಎಂಡ್ ಪಾಯಿಂಟ್ ಅಸೆಸ್‌ಮೆಂಟ್ ಅನ್ನುವ ಅಂತಿಮ ಪರೀಕ್ಷೆ. ನನ್ನದರಲ್ಲಿ ಒಂದು ಪ್ರಾಜೆಕ್ಟ್ ವರದಿ, ಅದರ ಮೇಲೆ ಪ್ರಶ್ನೋತ್ತರ, ಪೋರ್ಟ್‌ಫೋಲಿಯೊ, ಅಂದರೆ ಈ ಪುರಾವೆಗಳ ಕಡತ ಇಟ್ಟುಕೊಂಡು ಸುದೀರ್ಘ ಮಾತುಕತೆ ಇತ್ತು.

ಶುಕ್ರವಾರ ಮನೆಗೆ ಹೊರಡುವ ಮೊದಲು ಹದಿನೈದು ನಿಮಿಷ ಬರೆಯಿರಿ. ಏನು ಮಾಡಿದೆ, ಎಲ್ಲಿ ತಪ್ಪಿದೆ, ಯಾವ ಅಳತೆ ಬಂತು ಅಂತ ಅಷ್ಟೇ. ಫೋಟೊ ತೆಗೆಯುವ ಮುಂಚೆ ಅನುಮತಿ ಕೇಳಿ. ನಾನು ಮೊದಲ ಎಂಟು ತಿಂಗಳು ಬರೆಯದೆ ಬಿಟ್ಟು, ಆಮೇಲೆ ನೆನಪಿನಿಂದ ತುಂಬಲು ಒಂದು ಇಡೀ ದೀಪಾವಳಿ ಕಳೆದೆ.

ಸಂಬಳ ಎಷ್ಟು?

ಕಂಪನಿಗೊಂದು ಲೆಕ್ಕ. ಕಾನೂನಿನ ಪ್ರಕಾರ ಅಪ್ರೆಂಟಿಸ್‌ಗೆ ಕೊಡಬೇಕಾದ ಕನಿಷ್ಠ ಸಂಬಳ 2025ರ ಏಪ್ರಿಲ್‌ನಲ್ಲಿ ಗಂಟೆಗೆ 7.55 ಪೌಂಡ್ ಆಗಿತ್ತು. 19 ವರ್ಷ ತುಂಬಿ, ಮೊದಲ ವರ್ಷವನ್ನೂ ಮುಗಿಸಿದವರಿಗೆ ಅವರ ವಯಸ್ಸಿನ ಮಾಮೂಲಿ ಕನಿಷ್ಠ ಸಂಬಳ ಕೊಡಬೇಕು. ಇಂಜಿನಿಯರಿಂಗ್‌ನಲ್ಲಿ ಇದಕ್ಕಿಂತ ಜಾಸ್ತಿಯೇ ಕೊಡುವ ಕಂಪನಿಗಳು ಹಲವು. ವರ್ಷ ವರ್ಷಕ್ಕೂ ಏರುತ್ತದೆ.

ಕೌನ್ಸಿಲ್ ಟ್ಯಾಕ್ಸ್, ಅಂದರೆ ಮನೆಯಲ್ಲಿ ಇರುವವರು ಸ್ಥಳೀಯ ಆಡಳಿತಕ್ಕೆ ಕಟ್ಟುವ ತೆರಿಗೆಯ ವಿಷಯ ಗಮನಿಸಿ. ಪೂರ್ಣಕಾಲಿಕ ವಿದ್ಯಾರ್ಥಿಗಳಿಗೆ ಇರುವ ವಿನಾಯಿತಿ ಅಪ್ರೆಂಟಿಸ್‌ಗೆ ಸಿಗುವುದು ಸಂಬಳ ವಾರಕ್ಕೆ 195 ಪೌಂಡ್ ಮೀರದಿದ್ದರೆ ಮಾತ್ರ. ನಾನು ಸ್ನೇಹಿತೆಯರ ಜೊತೆ ಮನೆ ಹಿಡಿಯಲು ಹೊರಟಾಗ ಇದು ಗೊತ್ತಾಯಿತು. ಅವರೆಲ್ಲ ವಿದ್ಯಾರ್ಥಿಗಳು. ನಾನೊಬ್ಬಳು ಸೇರಿದರೆ ಮನೆಗೆ ತೆರಿಗೆ ಬೀಳುತ್ತಿತ್ತು. ಅಪ್ಪ-ಅಮ್ಮನ ಜೊತೆಯೇ ಉಳಿದೆ.

ಕಾಲೇಜು ಜೀವನ ಕಳೆದುಕೊಂಡ ಹಾಗೆ ಅನ್ನಿಸಲಿಲ್ವಾ?

ಅನ್ನಿಸಿತು. ಸುಳ್ಳು ಹೇಳುವುದಿಲ್ಲ. ಮೂರು ತಿಂಗಳ ಬೇಸಿಗೆ ರಜೆ ಇಲ್ಲ. ಕಾನೂನಿನ ಪ್ರಕಾರ ವಾರಕ್ಕೆ ಐದು ದಿನ ದುಡಿಯುವವರಿಗೆ ವರ್ಷಕ್ಕೆ ಕನಿಷ್ಠ 28 ದಿನ ರಜೆ. ಸರ್ಕಾರಿ ರಜಾದಿನಗಳನ್ನೂ ಅದರಲ್ಲೇ ಸೇರಿಸಬಹುದು. ಚಿಕ್ಕಮ್ಮನ ಮಗಳ ಮದುವೆ ಪರೀಕ್ಷೆಯ ವಾರವೇ ಬಂತು, ಹಾಸನಕ್ಕೆ ಹೋಗಲಾಗಲಿಲ್ಲ. ಧಾರೆಯನ್ನು ಬೆಳಗಿನ ಜಾವ ಐದಕ್ಕೆ ವಾಟ್ಸಾಪ್‌ನಲ್ಲಿ ನೋಡಿ ಪರೀಕ್ಷೆಗೆ ಹೊರಟೆ. ತಾತನನ್ನು ಕೊನೆಯ ಸಲ ನೋಡಿದ್ದೂ ಫೋನಿನಲ್ಲೇ.

ಬದಲಿಗೆ ಸಿಕ್ಕಿದ್ದು ಬೇರೆ ಥರದ ಗೆಳೆತನ. ನನ್ನ ಬ್ಯಾಚಿನಲ್ಲಿ 19 ಜನ ಬೇರೆ ಬೇರೆ ಕಂಪನಿಯವರು. ಬುಧವಾರ ಮಧ್ಯಾಹ್ನ ಊಟಕ್ಕೆ ಕೂತರೆ ಒಬ್ಬೊಬ್ಬರ ಕಾರ್ಖಾನೆಯ ಕಥೆ ಒಂದೊಂದು. ಕಾರ್ಖಾನೆಯಲ್ಲಿ ಅಪ್ಪನ ವಯಸ್ಸಿನವರು ನನ್ನ ಗುರುಗಳಾದರು.

ಹೆಣ್ಣುಮಕ್ಕಳಿಗೆ ಕಾರ್ಖಾನೆಯ ವಾತಾವರಣ ಹೇಗೆ?

ನನ್ನ ವಿಭಾಗದಲ್ಲಿ 40 ಜನರಲ್ಲಿ ನಾವು ಮೂವರು ಹೆಂಗಸರು. ಮೊದಲ ದಿನ ನನ್ನ ಅಳತೆಯ ಸೇಫ್ಟಿ ಶೂ ಸ್ಟೋರಿನಲ್ಲಿ ಇರಲಿಲ್ಲ. ಎರಡು ವಾರ ಮೆಷಿನ್ ಹತ್ತಿರ ಹೋಗಲು ಬಿಡಲಿಲ್ಲ. ಮಾತಿನಲ್ಲಿ ಯಾರೂ ನೋಯಿಸಲಿಲ್ಲ. ಆದರೆ ಸಭೆಯಲ್ಲಿ ನಾನು ಹೇಳಿದ್ದನ್ನೇ ಇನ್ನೊಬ್ಬರು ಹೇಳಿದಾಗ ಎಲ್ಲರೂ ತಲೆಯಾಡಿಸಿದ್ದು ಉಂಟು. ಅಳತೆಗಳನ್ನು ಕಾಗದದಲ್ಲಿ ಬರೆದು ಒಯ್ಯಲು ಶುರು ಮಾಡಿದ ಮೇಲೆ ಅದು ಕಡಿಮೆಯಾಯಿತು.

ಮಧ್ಯದಲ್ಲಿ ಬಿಟ್ಟರೆ ದುಡ್ಡು ವಾಪಸ್ ಕೊಡಬೇಕಾ? ಕಂಪನಿಯೇ ಕೆಲಸದಿಂದ ತೆಗೆದರೆ?

ತರಬೇತಿಯ ಫೀಸನ್ನು ಅಪ್ರೆಂಟಿಸ್‌ನಿಂದ ವಸೂಲಿ ಮಾಡುವ ಹಾಗಿಲ್ಲ. ಮಧ್ಯದಲ್ಲಿ ಬಿಟ್ಟರೂ ಅಷ್ಟೇ. ಕಂಪನಿ ಹುದ್ದೆ ಕಡಿತ ಮಾಡಿದರೆ, ಕೋರ್ಸಿನ ಶೇ. 75 ಮುಗಿದಿದ್ದರೆ ಅಥವಾ ಮುಗಿಯಲು ಆರು ತಿಂಗಳಿಗಿಂತ ಕಡಿಮೆ ಇದ್ದರೆ ಉಳಿದದ್ದಕ್ಕೆ ಸರ್ಕಾರ ದುಡ್ಡು ಕೊಡುತ್ತದೆ. ಅದಕ್ಕಿಂತ ಮೊದಲಾದರೆ 12 ವಾರದೊಳಗೆ ಬೇರೆ ಕಂಪನಿ ಹುಡುಕಿಕೊಳ್ಳಬೇಕು. ಯೂನಿವರ್ಸಿಟಿಯವರು ನೆರವಾಗುತ್ತಾರೆ.

ಮುಗಿದ ಮೇಲೆ ಏನು?

ನನಗೆ ಅದೇ ಕಂಪನಿಯಲ್ಲಿ ಇಂಜಿನಿಯರ್ ಕೆಲಸ ಸಿಕ್ಕಿತು. ಇದು ಎಲ್ಲ ಕಡೆ ಖಾತ್ರಿ ಅಲ್ಲ. ಇನ್‌ಕಾರ್ಪೊರೇಟೆಡ್ ಇಂಜಿನಿಯರ್ ಅಂತ ವೃತ್ತಿಪರ ನೋಂದಣಿಗೆ ಅರ್ಜಿ ಹಾಕುತ್ತಿದ್ದೇನೆ. ಐದು ವರ್ಷದ ಪೋರ್ಟ್‌ಫೋಲಿಯೊ ಅಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ಚಾರ್ಟರ್ಡ್ ಇಂಜಿನಿಯರ್ ಆಗಲು ಸಾಮಾನ್ಯವಾಗಿ ಮಾಸ್ಟರ್ಸ್ ಮಟ್ಟದ ಕಲಿಕೆ ಬೇಕು. ಅದು ಇನ್ನೆರಡು ವರ್ಷ ಬಿಟ್ಟು.

ಮನೆಯವರು ಏನು ಮಾಡಬಹುದು?

ಭಾನುವಾರ ಬೆಳಿಗ್ಗೆ ನೆಂಟರು ಬಂದರೆ ಓದುತ್ತಿರುವ ಮಗಳನ್ನು ಕರೆಯಬೇಡಿ. ನಮ್ಮ ಮನೆಯಲ್ಲಿ ಇದಕ್ಕೆ ಒಂದು ವರ್ಷ ಹಿಡಿಯಿತು. ಮಗ ಇಂಜಿನಿಯರಿಂಗ್ ಓದುತ್ತಿದ್ದಾನಾ, ಕೆಲಸ ಮಾಡುತ್ತಿದ್ದಾನಾ ಅಂತ ಯಾರಾದರೂ ಕೇಳಿದರೆ ತಡವರಿಸಬೇಡಿ, ಎರಡೂ ಅನ್ನಿ. ಅವನು ನಿಮ್ಮ ದನಿಯನ್ನು ಕೇಳಿಸಿಕೊಳ್ಳುತ್ತಿರುತ್ತಾನೆ. ಮತ್ತೆ, ಬುಧವಾರಕ್ಕೆ ಡಬ್ಬಿ ಕಟ್ಟಿಕೊಟ್ಟರೆ ಅದಕ್ಕಿಂತ ದೊಡ್ಡ ನೆರವಿಲ್ಲ. ಅಮ್ಮ ಐದು ವರ್ಷ ತಪ್ಪದೆ ಚಿತ್ರಾನ್ನವೋ ಪುಳಿಯೋಗರೆಯೋ ಕಳಿಸಿದ್ದಾರೆ.

ಈಗ ನಿಮ್ಮ ಬುಧವಾರ ಹೇಗಿದೆ?

ಬೇರೆ ದಿನಗಳ ಹಾಗೇ ಕೆಲಸ. ಈ ಸೆಪ್ಟೆಂಬರ್‌ನಲ್ಲಿ ನಮ್ಮ ವಿಭಾಗಕ್ಕೆ ಹದಿನೆಂಟು ವರ್ಷದ ಹುಡುಗ ಅಪ್ರೆಂಟಿಸ್ ಆಗಿ ಬಂದಿದ್ದಾನೆ. ಅವನಿಗೆ ಕೆಲಸ ಹಂಚುವುದು ನನ್ನ ಪಾಲಿಗೆ ಬಂದಿದೆ. ಹೋದ ತಿಂಗಳು ಒಂದು ಆರ್ಡರ್ ತಡವಾಯಿತು. ಮಂಗಳವಾರ ಸಂಜೆ ಅವನೇ ಬಂದು, ನಾಳೆ ಬೇಕಾದರೆ ಇರುತ್ತೇನೆ ಅಂದ. ಬೇಡ, ನಿನಗೆ ನಾಳೆ ಪಾಠ ಇದೆಯಲ್ವಾ ಅಂದೆ. ಆ ಬುಧವಾರ ಅವನ ಮೆಷಿನ್ ಹತ್ತಿರ ನಾನೇ ನಿಂತೆ.